ಮಧ್ಯರಾತ್ರಿ 58 ತೋರಿಸಿದ ಸೆನ್ಸರ್

ಕಳೆದ ಚಳಿಗಾಲದ ಒಂದು ರಾತ್ರಿ ಹುಬ್ಬಳ್ಳಿಯ ಅಕ್ಕನ ಮನೆಯಲ್ಲಿ ಉಳಿದಿದ್ದೆ. ಎರಡೂವರೆ ಗಂಟೆಯ ಹೊತ್ತಿಗೆ ಅಕ್ಕನ ಮೊಬೈಲ್ ಕೂಗಿಕೊಂಡಿತು. ಪರದೆಯ ಮೇಲೆ ಕೆಂಪು ಬಣ್ಣದಲ್ಲಿ 58 ಎಂದಿತ್ತು. ಮಧುಮೇಹವಿರುವ ಮಗಳ ತೋಳಿಗೆ ಅಂಟಿಸಿದ ಸೆನ್ಸರ್ ಕಳಿಸಿದ ಸಕ್ಕರೆಯ ಅಂಕಿ ಅದು, ನೂರು ಮಿಲಿಲೀಟರಿಗೆ ಇಷ್ಟು ಮಿಲಿಗ್ರಾಂ ಎಂಬ ಲೆಕ್ಕ; 70ಕ್ಕಿಂತ ಕೆಳಗೆ ಹೋಗಬಾರದು. ಪಕ್ಕದ ಹಾಸಿಗೆಯಲ್ಲಿ ಅವಳ ಹದಿನಾಲ್ಕು ವರ್ಷದ ಮಗಳು ಎಡಮಗ್ಗುಲಾಗಿ ಗಾಢ ನಿದ್ದೆಯಲ್ಲಿದ್ದಳು. ಅಕ್ಕ ಗಾಬರಿಯಾಗಲಿಲ್ಲ. ಮಗಳ ಬೆರಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ, ಸೂಜಿ ಚುಚ್ಚಿ ಒಂದು ಹನಿ ರಕ್ತವನ್ನು ಸ್ಟ್ರಿಪ್‌ಗೆ ತಾಗಿಸಿದಳು. ಗ್ಲುಕೋಮೀಟರ್ 103 ತೋರಿಸಿತು. "ತೋಳಿನ ಮೇಲೆ ಭಾರ ಹಾಕಿ ಮಲಗಿದ್ದಾಳೆ, ಅಷ್ಟೇ" ಎಂದು ಮಗಳನ್ನು ಮೆಲ್ಲಗೆ ಬಲಮಗ್ಗುಲಿಗೆ ಹೊರಳಿಸಿದಳು. ಕಾಲು ಗಂಟೆಯ ನಂತರ ಮೊಬೈಲ್ ತಾನಾಗಿಯೇ 97ಕ್ಕೆ ಬಂದಿತ್ತು.

ಒಂದೇ ದೇಹ, ಒಂದೇ ಗಳಿಗೆ, ಎರಡು ಅಂಕಿ. ನಾನು ಧಾರವಾಡದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವವನು. ಆ 58 ಮತ್ತು 103ರ ನಡುವಿನ ಅಂತರವೇನೆಂದು ತಿಳಿದುಕೊಳ್ಳದೆ ನನಗೆ ನಿದ್ದೆ ಬರುವಂತಿರಲಿಲ್ಲ. ತಿಳಿದುಕೊಂಡ ಮೇಲೆ ಅನಿಸಿದ್ದು ಇಷ್ಟು: ಆ ಅಂತರ ಅರ್ಥವಾದರೆ ಈ ಸಾಧನದ ಮುಕ್ಕಾಲು ಪಾಲು ಅರ್ಥವಾದಂತೆಯೇ. ನಮ್ಮ ಊರುಗಳಲ್ಲೂ ಈಗ ಅಲ್ಲೊಂದು ಇಲ್ಲೊಂದು ಮಗುವಿನ ತೋಳಿನ ಮೇಲೆ ಈ ಬಿಳಿ ಬಿಲ್ಲೆ ಕಾಣುತ್ತಿದೆ. ಅದನ್ನು ದಿನವೂ ನೋಡುವ ಮನೆಯವರಿಗೆ, ಸಂಬಂಧಿಕರಿಗೆ, ನನ್ನಂಥ ಶಿಕ್ಷಕರಿಗೆ ಅದು ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎನ್ನುವುದು ಗೊತ್ತಿರಬೇಕು.

ಮೊದಲು ಕಾಯಿಲೆಯ ಮಾತು. ಅಕ್ಕನ ಮಗಳಿಗೆ ಒಂಬತ್ತು ವರ್ಷವಿದ್ದಾಗ ಟೈಪ್ 1 ಮಧುಮೇಹ ಪತ್ತೆಯಾಯಿತು. ಕೊಡ ನೀರು ಕುಡಿದರೂ ಆರದ ಬಾಯಾರಿಕೆ, ರಾತ್ರಿ ನಾಲ್ಕೈದು ಸಲ ಮೂತ್ರ, ಎರಡೇ ವಾರದಲ್ಲಿ ಸಡಿಲವಾದ ಶಾಲೆಯ ಸಮವಸ್ತ್ರ. ಊರಿನವರು ಆಡಿದ ಮಾತು ಒಂದೇ: "ಪೇಡಾ ಜಾಸ್ತಿ ತಿನ್ನಿಸಿದಿರೇನೋ." ಅದು ತಪ್ಪು, ಮತ್ತು ಆ ತಪ್ಪು ತಾಯಿಯ ಎದೆಗೆ ಚುಚ್ಚುತ್ತದೆ. ದೊಡ್ಡವರಲ್ಲಿ ಸಾಮಾನ್ಯವಾಗಿ ಕಾಣುವ ಟೈಪ್ 2ರಲ್ಲಿ ದೇಹ ಇನ್ಸುಲಿನ್‌ಗೆ ಸರಿಯಾಗಿ ಓಗೊಡುವುದಿಲ್ಲ. ಟೈಪ್ 1ರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಜೀವಕೋಶಗಳನ್ನು ನಾಶ ಮಾಡುತ್ತದೆ. ತಿಂದ ಸಿಹಿಗೂ ಇದಕ್ಕೂ ಸಂಬಂಧವಿಲ್ಲ. ಇನ್ಸುಲಿನ್ ಇಲ್ಲದೆ ಈ ಮಕ್ಕಳು ಬದುಕಲಾರರು. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಮೊಟ್ಟಮೊದಲು ಇನ್ಸುಲಿನ್ ಚುಚ್ಚಿಸಿಕೊಂಡ ಲಿಯೊನಾರ್ಡ್ ಥಾಂಪ್ಸನ್ ಕೂಡ ಹದಿಹರೆಯದ ಹುಡುಗನೇ. ಅದಕ್ಕೂ ಹಿಂದೆ ಈ ಕಾಯಿಲೆ ಬಂದ ಮಗು ಸಾಮಾನ್ಯವಾಗಿ ಒಂದೆರಡು ವರ್ಷ ಉಳಿಯುತ್ತಿತ್ತು. ಯಾರೋ ಕಷಾಯ ಕೊಟ್ಟರೆಂದು, ಹರಕೆ ಹೊತ್ತೆವೆಂದು ಇನ್ಸುಲಿನ್ ನಿಲ್ಲಿಸಿದ ಮನೆಗಳ ಸಂಕಟ ಕೇಳಿ ಬಲ್ಲೆ. ದಯವಿಟ್ಟು ಯಾರೂ ಆ ಕೆಲಸ ಮಾಡಬೇಡಿ.

ಇನ್ಸುಲಿನ್ ಇದ್ದರೆ ಮುಗಿಯಲಿಲ್ಲ. ಆರೋಗ್ಯವಂತ ದೇಹದಲ್ಲಿ ಮೇದೋಜೀರಕ ಗ್ರಂಥಿ ಗಳಿಗೆಗಳಿಗೆಗೂ ಸಕ್ಕರೆ ನೋಡಿಕೊಂಡು ಇನ್ಸುಲಿನ್ ಬಿಡುತ್ತದೆ. ಇಲ್ಲಿ ಆ ಲೆಕ್ಕವನ್ನು ಮಗು ಮತ್ತು ಮನೆಯವರು ಮಾಡಬೇಕು. ಇನ್ಸುಲಿನ್ ಹೆಚ್ಚಾದರೆ ಸಕ್ಕರೆ ಕುಸಿದು ಕೈ ನಡುಗುತ್ತದೆ, ಬೆವರುತ್ತದೆ, ತಲೆ ಮಂಕಾಗುತ್ತದೆ, ಎಚ್ಚರ ತಪ್ಪಲೂಬಹುದು. ಕಡಿಮೆಯಾದರೆ ಸಕ್ಕರೆ ಏರಿ, ವರ್ಷಗಳ ಮೇಲೆ ಕಣ್ಣು, ಮೂತ್ರಪಿಂಡ, ನರಗಳು ಸವೆಯುತ್ತವೆ. ಬೆರಳು ಚುಚ್ಚಿ ನೋಡುವುದು ದಿನಕ್ಕೆ ನಾಲ್ಕೈದು ಸಲ. ನಡುವಿನ ತಾಸುಗಳಲ್ಲಿ, ಅದರಲ್ಲೂ ರಾತ್ರಿಯಲ್ಲಿ, ಏನು ನಡೆಯಿತೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಕ್ಕ ಮೂರು ವರ್ಷ ರಾತ್ರಿ ಮೂರಕ್ಕೆ ಅಲಾರಾಂ ಇಟ್ಟು ಎದ್ದು ಬೆರಳು ಚುಚ್ಚಿದ್ದಾಳೆ.

ಸತತ ಗ್ಲುಕೋಸ್ ಮಾಪನ, ಆಸ್ಪತ್ರೆಯ ಮಾತಿನಲ್ಲಿ ಸಿಜಿಎಂ, ಆ ಕತ್ತಲಿಗೆ ಹಚ್ಚಿದ ದೀಪ. ಹತ್ತು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದಾದ ಬಿಲ್ಲೆಯನ್ನು ತೋಳಿನ ಹಿಂಭಾಗಕ್ಕೆ ಒತ್ತಿದಾಗ ಒಂದು ಸೂಜಿ ಒಳಹೋಗಿ, ಕೂದಲಿನಂಥ ಮೆತ್ತನೆಯ ಎಳೆಯೊಂದನ್ನು ಚರ್ಮದಡಿ ಬಿಟ್ಟು ತಕ್ಷಣ ಹೊರಬರುತ್ತದೆ. ಸೂಜಿ ಉಳಿಯುವುದಿಲ್ಲ, ಎಳೆ ಮಾತ್ರ ಉಳಿಯುತ್ತದೆ. ಸುಮಾರು ಐದು ಮಿಲಿಮೀಟರ್ ಉದ್ದ. ಅದರ ತುದಿಗೆ ಗ್ಲುಕೋಸ್ ಆಕ್ಸಿಡೇಸ್ ಎಂಬ ಕಿಣ್ವವನ್ನು ಲೇಪಿಸಿರುತ್ತಾರೆ. ಗ್ಲುಕೋಸ್ ಬಂದು ಈ ಕಿಣ್ವಕ್ಕೆ ತಾಗಿದಾಗ ಅದು ಗ್ಲುಕೋಸಿನಿಂದ ಎಲೆಕ್ಟ್ರಾನುಗಳನ್ನು ಕಸಿದುಕೊಳ್ಳುತ್ತದೆ, ಆ ಎಲೆಕ್ಟ್ರಾನುಗಳು ಅತಿ ಸಣ್ಣ ವಿದ್ಯುತ್ತಾಗಿ ಹರಿಯುತ್ತವೆ. ಗ್ಲುಕೋಸ್ ಹೆಚ್ಚಿದ್ದರೆ ವಿದ್ಯುತ್ತೂ ಹೆಚ್ಚು. ಕಿಣ್ವ ಮತ್ತು ವಿದ್ಯುದ್ವಾರವನ್ನು ಹೀಗೆ ಜೋಡಿಸುವ ಕಲ್ಪನೆಯನ್ನು ಲೀಲ್ಯಾಂಡ್ ಕ್ಲಾರ್ಕ್ ಮತ್ತು ಚಾಂಪ್ ಲಯನ್ಸ್ 1962ರಲ್ಲೇ ಮಂಡಿಸಿದ್ದರು. ಅದು ಮಕ್ಕಳ ತೋಳಿಗೆ ಬರಲು ದಶಕಗಳೇ ಹಿಡಿದವು. ಅಮೆರಿಕದಲ್ಲಿ ಮೊದಲ ಸಿಜಿಎಂಗೆ ಅನುಮತಿ ಸಿಕ್ಕಿದ್ದು 1999ರಲ್ಲಿ. ಬೆರಳು ಚುಚ್ಚಿ ಹೊಂದಿಸುವ ಅಗತ್ಯವಿಲ್ಲದ, ಹದಿನಾಲ್ಕು ದಿನ ಬಾಳುವ ಫ್ರೀಸ್ಟೈಲ್ ಲಿಬ್ರೆ ಎಂಬ ಸೆನ್ಸರ್ ಯುರೋಪಿನ ಮಾರುಕಟ್ಟೆಗೆ ಬಂದದ್ದು 2014ರಲ್ಲಿ. ಈಗಿನ ಸೆನ್ಸರುಗಳು ಒಂದರಿಂದ ಐದು ನಿಮಿಷಕ್ಕೊಮ್ಮೆ ಅಳೆದು ಮೊಬೈಲ್‌ಗೆ ಕಳಿಸುತ್ತವೆ. ಐದು ನಿಮಿಷಕ್ಕೊಂದು ಎಂದರೂ ದಿನಕ್ಕೆ 288 ಅಂಕಿ.

ಇಲ್ಲಿ ಒಂದು ಸೂಕ್ಷ್ಮವಿದೆ, ಹೆಚ್ಚಿನ ಗೊಂದಲ ಹುಟ್ಟುವುದು ಇಲ್ಲಿಯೇ. ಆ ಎಳೆ ಇರುವುದು ರಕ್ತನಾಳದಲ್ಲಿ ಅಲ್ಲ. ಜೀವಕೋಶಗಳ ನಡುವಿನ ಸಂದುಗಳಲ್ಲಿ ತುಂಬಿಕೊಂಡಿರುವ ದ್ರವದಲ್ಲಿ. ನವಲಗುಂದ, ನರಗುಂದದ ಕಡೆಯವರಿಗೆ ಇದನ್ನು ಹೇಳುವುದು ಸುಲಭ. ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆಯ ಕಾಲುವೆಗೆ ನೀರು ಬಿಟ್ಟರು ಎಂದ ಮಾತ್ರಕ್ಕೆ ಹೊಲ ನೆನೆಯುವುದಿಲ್ಲ. ನೀರು ಕಾಲುವೆಯಲ್ಲಿ ಬರಬೇಕು, ತೂಬಿನಿಂದ ಇಳಿಯಬೇಕು, ಆಮೇಲೆ ಮಣ್ಣಿಗೆ ಹೀರಬೇಕು. ಕಾಲುವೆಗೆ ನೀರು ಬರುವುದು ನಿಂತ ಮೇಲೂ ಮಣ್ಣು ಸ್ವಲ್ಪ ಹೊತ್ತು ಹಸಿಯಾಗಿಯೇ ಇರುತ್ತದೆ. ರಕ್ತವೇ ಕಾಲುವೆ, ಸೆನ್ಸರಿನ ಎಳೆ ಊರಿರುವುದು ಹೊಲದ ಮಣ್ಣಿನಲ್ಲಿ. ರಕ್ತದ ಸಕ್ಕರೆ ಏರಿದ್ದೂ ಇಳಿದದ್ದೂ ಅಲ್ಲಿಗೆ ತಲುಪಲು ಸಾಮಾನ್ಯವಾಗಿ ಐದರಿಂದ ಹತ್ತು ನಿಮಿಷ ಬೇಕು. ಸಕ್ಕರೆ ಒಂದೇ ಮಟ್ಟದಲ್ಲಿ ನಿಂತಿದ್ದಾಗ ಈ ತಡ ಲೆಕ್ಕಕ್ಕೆ ಬರುವುದಿಲ್ಲ. ಊಟವಾದ ಕೂಡಲೇ, ಆಟದ ನಡುವೆ, ಸಕ್ಕರೆ ಕುಸಿಯುತ್ತಿರುವಾಗ ಮಾತ್ರ ಎರಡು ಅಂಕಿಗಳು ದೂರವಾಗುತ್ತವೆ.

ಆ ರಾತ್ರಿಯ 58ಕ್ಕೆ ಇನ್ನೊಂದು ಕಾರಣ. ಹುಡುಗಿ ಸೆನ್ಸರ್ ಇದ್ದ ತೋಳಿನ ಮೇಲೆಯೇ ಮಲಗಿದ್ದಳು. ಭಾರ ಬಿದ್ದಾಗ ಆ ಜಾಗದ ದ್ರವ ಹಿಂಡಿಹೋಗುತ್ತದೆ, ಹೊಸ ಗ್ಲುಕೋಸ್ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ. ಸೆನ್ಸರ್ ತನ್ನ ಸುತ್ತ ಇದ್ದುದನ್ನೇ ಅಳೆಯಿತು. ಅವಳ ಇಡೀ ದೇಹದ ಸ್ಥಿತಿ ಅದಾಗಿರಲಿಲ್ಲ. ಗೆರೆ ಒಮ್ಮೆಲೇ ಬಾವಿಗೆ ಬಿದ್ದಂತೆ ಇಳಿದು, ಮಗ್ಗುಲು ಬದಲಿಸಿದ ಕೂಡಲೇ ಮೇಲೆದ್ದರೆ ಅದು ಹೆಚ್ಚಾಗಿ ಇದೇ. ಆದರೆ ಊಹೆಯ ಮೇಲೆ ಮಗುವನ್ನು ಬಿಡಬಾರದು. ಬೆರಳು ಚುಚ್ಚಿ ನೋಡಬೇಕು. ಸ್ಟ್ರಿಪ್ ಇಲ್ಲದಿದ್ದರೆ ನಿಜವಾಗಿಯೇ ಇಳಿದಿದೆ ಎಂದುಕೊಂಡು ಸಕ್ಕರೆ ಕೊಡಬೇಕು.

ಹಾಗೆಂದು ಬೆರಳಿನ ರಕ್ತವೇ ಯಾವಾಗಲೂ ಸರಿ ಎನ್ನುವಂತಿಲ್ಲ. ಮೇ ತಿಂಗಳಲ್ಲಿ ಧಾರವಾಡದ ಆಪೂಸ್ ಹಣ್ಣು ಕೊಯ್ದು ಎಲ್ಲರಿಗೂ ಹಂಚಿದ ಮೇಲೆ ಇದೇ ಹುಡುಗಿ ಬೆರಳು ಚುಚ್ಚಿಕೊಂಡಳು. 312 ಬಂತು. ಸೆನ್ಸರ್ 148 ಎನ್ನುತ್ತಿತ್ತು. ಸೋಪಿನಿಂದ ಕೈ ತೊಳೆದು, ಒಣಗಿಸಿ ಮತ್ತೆ ನೋಡಿದರೆ 151. ಬೆರಳಿಗೆ ಅಂಟಿದ್ದ ಮಾವಿನ ರಸವನ್ನು ಮೀಟರ್ ಅಳೆದಿತ್ತು. ಆ 312ಕ್ಕೆ ಇನ್ಸುಲಿನ್ ತೆಗೆದುಕೊಂಡಿದ್ದರೆ ಏನಾಗುತ್ತಿತ್ತೆಂದು ನೆನೆದರೆ ಈಗಲೂ ಎದೆ ಧಸಕ್ಕೆನ್ನುತ್ತದೆ. ಒಳ್ಳೆಯ ಸೆನ್ಸರುಗಳ ಅಳತೆ ಪ್ರಯೋಗಾಲಯದ ಅಳತೆಗಿಂತ ಸರಾಸರಿ ಶೇ 8ರಿಂದ 10ರಷ್ಟು ಅತ್ತಿತ್ತ ಇರುತ್ತದೆ. ಗ್ಲುಕೋಮೀಟರಿಗೂ ಶೇ 15ರವರೆಗಿನ ವ್ಯತ್ಯಾಸಕ್ಕೆ ಅಂತರರಾಷ್ಟ್ರೀಯ ಮಾನದಂಡ ಅವಕಾಶ ಕೊಟ್ಟಿದೆ. ಎರಡೂ ಒಂದೇ ಅಂಕಿ ತೋರಿಸಲಿಲ್ಲ ಎಂದು ಸೆನ್ಸರ್ ಕೆಟ್ಟಿದೆ ಎನ್ನುವವರಿಗೆ ಇದು ತಿಳಿದಿರಲಿ. ಮಗುವಿನ ಮೈಲಕ್ಷಣಕ್ಕೂ ಪರದೆಗೂ ತಾಳೆಯಾಗದಿದ್ದರೆ ಮೈಯನ್ನು ನಂಬಿ, ಕೈ ತೊಳೆದು ಬೆರಳು ಚುಚ್ಚಿ.

ಇನ್ನು ನನ್ನ ಮಟ್ಟಿಗೆ ಈ ಸಾಧನದ ಜೀವಾಳ. ಅಂಕಿಯ ಪಕ್ಕದಲ್ಲಿ ಒಂದು ಬಾಣ ಇರುತ್ತದೆ. ಹೊಸದಾಗಿ ಸೆನ್ಸರ್ ಹಾಕಿಸಿದ ಮನೆಗಳಲ್ಲಿ ಎಲ್ಲರ ಕಣ್ಣೂ ಅಂಕಿಯ ಮೇಲೆ. ನವನಗರದ ನಿಲ್ದಾಣದಲ್ಲಿ ಚಿಗರಿ ಬಸ್ ನಿಂತಿದೆ ಎಂದಷ್ಟೇ ಹೇಳಿದರೆ ನಿಮಗೇನು ಉಪಯೋಗ? ಅದು ಹುಬ್ಬಳ್ಳಿಗೆ ಹೊರಟಿದೆಯೋ ಧಾರವಾಡಕ್ಕೋ ಎನ್ನುವುದು ಬೇಕು. ಹುಡುಗಿ ಸಂಜೆ ಶಾಲೆಯಿಂದ ಸೈಕಲ್ ಹತ್ತುವಾಗ ಮೊಬೈಲ್ 110 ತೋರಿಸುತ್ತಿದೆ ಎಂದುಕೊಳ್ಳಿ. ಬೆರಳಿನ ರಕ್ತವಾಗಿದ್ದರೆ ಇದು ಚಿನ್ನದಂಥ ಅಂಕಿ. ಬಾಣ ಅಡ್ಡವಾಗಿದ್ದರೆ ಸಕ್ಕರೆ ನಿಮಿಷಕ್ಕೆ ಒಂದು ಮಿಲಿಗ್ರಾಂಗಿಂತ ಕಡಿಮೆ ಬದಲಾಗುತ್ತಿದೆ, ಅವಳು ಹೋಗಬಹುದು. ಬಾಣ ನೇರ ಕೆಳಗೆ ಮುಖ ಮಾಡಿದ್ದರೆ ನಿಮಿಷಕ್ಕೆ ಎರಡಕ್ಕಿಂತ ಹೆಚ್ಚು ಇಳಿಯುತ್ತಿದೆ ಎಂದರ್ಥ. ಇಪ್ಪತ್ತು ನಿಮಿಷದ ದಾರಿಯಲ್ಲಿ 40 ಇಳಿದರೆ 70. ಸಂಜೆಯ ವಾಹನಗಳ ನಡುವೆ ಸೈಕಲ್ ಮೇಲೆ 70. ಒಂದೇ 110, ಒಮ್ಮೆ ನಿಶ್ಚಿಂತೆ, ಇನ್ನೊಮ್ಮೆ ಅಪಾಯದ ಗಂಟೆ. ಅವಳು ಮೊದಲು ಏನಾದರೂ ತಿಂದು, ಬಾಣ ಸಮವಾದ ಮೇಲೆ ಸೈಕಲ್ ಹತ್ತುತ್ತಾಳೆ. ಇದು ಬಿಲ್ಲೆ ಕೊಡುವ ಅತಿ ದೊಡ್ಡ ಉಡುಗೊರೆ. ಬೆರಳಿನ ರಕ್ತ ಎಂದೂ ದಿಕ್ಕು ಹೇಳುವುದಿಲ್ಲ.

ಸಕ್ಕರೆ 70ಕ್ಕಿಂತ ಕೆಳಗೆ ಬಂದರೆ ಮಾಡಬೇಕಾದದ್ದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಏಕೆಂದರೆ ನಮ್ಮ ಭಾಗದಲ್ಲಿ ಒಂದು ತಪ್ಪು ಪ್ರೀತಿಯಿಂದಲೇ ಆಗುತ್ತದೆ. ಶುಗರ್ ಲೋ ಆಯಿತೆಂದರೆ ಮನೆಯಲ್ಲಿದ್ದ ಪೇಡಾ ಕೈಗೆ ಕೊಡುತ್ತಾರೆ. ಪೇಡಾ ಸಿಹಿಯೇ ಹೌದು. ಆದರೆ ಅದು ಹಾಲನ್ನು ಗಂಟೆಗಟ್ಟಲೆ ಕಾಯಿಸಿ ಮಾಡಿದ ಖೋವಾ, ಜಿಡ್ಡಿದೆ. ಜಿಡ್ಡು ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತದೆ, ಸಕ್ಕರೆ ರಕ್ತಕ್ಕೆ ತಡವಾಗಿ ಸೇರುತ್ತದೆ. ಚಾಕೊಲೇಟ್‌ದೂ ಶೇಂಗಾ ಚಿಕ್ಕಿಯದೂ ಇದೇ ಕಥೆ. ಆ ಹೊತ್ತಿಗೆ ಬೇಕಾದದ್ದು ಗ್ಲುಕೋಸ್ ಪುಡಿ ಅಥವಾ ಬರೀ ಸಕ್ಕರೆ ನೀರು. ದೊಡ್ಡ ಹುಡುಗರಿಗೆ 15 ಗ್ರಾಂ, ಅಂದರೆ ಸುಮಾರು ಮೂರು ಚಹಾ ಚಮಚ. ಚಿಕ್ಕವರಿಗೆ ತೂಕದ ಕಿಲೋಗೆ 0.3 ಗ್ರಾಂ ಲೆಕ್ಕ. 30 ಕಿಲೋ ತೂಕದ ಮಗುವಿಗೆ ಎರಡು ಚಮಚ ಸಾಕು. ಕುಡಿಸಿ ಹದಿನೈದು ನಿಮಿಷ ಕಾಯಬೇಕು. ಕಾಲುವೆಯ ಮಾತು ಇಲ್ಲಿ ಮತ್ತೆ ಬರುತ್ತದೆ. ರಕ್ತದಲ್ಲಿ ಸಕ್ಕರೆ ಏರಿದ್ದರೂ ಪರದೆ ಇನ್ನೂ 60 ಎನ್ನುತ್ತಿರುತ್ತದೆ. ಅದನ್ನು ನೋಡಿ ಹೆದರಿ ಮತ್ತೆ ಮತ್ತೆ ಕುಡಿಸಿದರೆ ಒಂದು ತಾಸಿನಲ್ಲಿ 260. ಆದ್ದರಿಂದ ಸುಧಾರಿಸಿತೋ ಇಲ್ಲವೋ ಎಂಬುದನ್ನು ಬೆರಳಿನ ರಕ್ತದಿಂದ ನೋಡುವುದು ಮೇಲು. ಎಚ್ಚರ ತಪ್ಪಿದ ಮಗುವಿನ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು, ಉಸಿರುನಾಳಕ್ಕೆ ಹೋಗುತ್ತದೆ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಸಕ್ಕರೆಯನ್ನು ಏರಿಸುವ ಗ್ಲುಕಗಾನ್ ಚುಚ್ಚುಮದ್ದು ಇದ್ದರೆ ಕೊಟ್ಟು, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ದಿನದ ಗೆರೆಯನ್ನು ನೋಡುತ್ತ ಕುಳಿತರೆ ನಮ್ಮ ಊಟವೇ ಬೇರೆಯಾಗಿ ಕಾಣುತ್ತದೆ. ಗಿರ್ಮಿಟ್‌ನ ಚುರಮರಿ ಅರ್ಧ ಗಂಟೆಯಲ್ಲೇ ಗೆರೆಯನ್ನು ಎತ್ತುತ್ತದೆ. ಜೊತೆಗೆ ಎರಡು ಮಿರ್ಚಿ ಭಜಿ ತಿಂದರೆ ಏರಿಕೆ ನಿಧಾನವಾಗಿ ಶುರುವಾಗಿ ಮೂರು ನಾಲ್ಕು ತಾಸು ಎಳೆಯುತ್ತದೆ. ಎಣ್ಣೆಯ ಕೆಲಸ ಅದು. ಶೇಂಗಾ ಹೋಳಿಗೆ ತಿಂದ ರಾತ್ರಿ ಮಲಗುವಾಗ ಎಲ್ಲ ಸರಿಯಾಗಿದ್ದು, ನಡುರಾತ್ರಿ ಗೆರೆ ಮೇಲೇರಿದ್ದನ್ನು ಅಕ್ಕ ಹಲವು ಸಲ ಕಂಡಿದ್ದಾಳೆ. ಜೋಳದ ರೊಟ್ಟಿ ಶುಗರ್‌ಗೆ ಒಳ್ಳೆಯದೆಂದು ಎಲ್ಲರೂ ಹೇಳುತ್ತಾರೆ. ನಾರು ಇದೆ, ಪಲ್ಯ ಕಾಳಿನ ಜೊತೆ ತಿನ್ನುತ್ತೇವೆ, ನಿಜ. ಆದರೂ ಐವತ್ತು ಗ್ರಾಂ ಹಿಟ್ಟಿನ ಒಂದು ರೊಟ್ಟಿಯಲ್ಲಿ ಸುಮಾರು 35 ಗ್ರಾಂ ಪಿಷ್ಟವಿದೆ, ಅದಕ್ಕೆ ತಕ್ಕ ಇನ್ಸುಲಿನ್ ಬೇಕೇ ಬೇಕು. ಕಬಡ್ಡಿ ಆಡಿದ ದಿನ ಸಂಜೆ ಅಲ್ಲದಿದ್ದರೂ ರಾತ್ರಿ ಸಕ್ಕರೆ ಇಳಿಯುತ್ತದೆ, ಏಕೆಂದರೆ ದಣಿದ ಸ್ನಾಯುಗಳು ಖಾಲಿಯಾದ ತಮ್ಮ ಕಣಜವನ್ನು ರಾತ್ರಿಯಿಡೀ ತುಂಬಿಕೊಳ್ಳುತ್ತವೆ. ಇವೆಲ್ಲ ವೈದ್ಯರು ಬಾಯಲ್ಲಿ ಹೇಳಿದ್ದೇ. ಕಣ್ಣಿಗೆ ಕಂಡಾಗ ಹುಡುಗಿ ತಾನೇ ಕಲಿತಳು. ವೇಗದ ಇನ್ಸುಲಿನ್ ಅನ್ನು ತಟ್ಟೆ ಮುಂದಿಟ್ಟುಕೊಂಡು ಚುಚ್ಚಿಕೊಂಡ ದಿನಕ್ಕೂ ಕಾಲು ಗಂಟೆ ಮೊದಲೇ ಚುಚ್ಚಿಕೊಂಡ ದಿನಕ್ಕೂ ಗೆರೆಯಲ್ಲಿ ಎಷ್ಟು ವ್ಯತ್ಯಾಸವೆಂದು ಅವಳೇ ನನಗೆ ತೋರಿಸಿದಳು.

ಮೂರು ತಿಂಗಳಿಗೊಮ್ಮೆ ಮಾಡಿಸುವ ಎಚ್‌ಬಿಎ1ಸಿ ಪರೀಕ್ಷೆ ಇದ್ದೇ ಇದೆಯಲ್ಲ ಎಂದು ಕೇಳುವವರಿದ್ದಾರೆ. ಆ ಪರೀಕ್ಷೆ ಎರಡು ಮೂರು ತಿಂಗಳ ಸರಾಸರಿ ಹೇಳುತ್ತದೆ. ಶೇ 7 ಎಂದರೆ ಸರಾಸರಿ ಸುಮಾರು 154. ಅದರ ಬೆಲೆ ಕಡಿಮೆಯಲ್ಲ. ಬಿಗಿಯಾದ ನಿಯಂತ್ರಣದಿಂದ ಕಣ್ಣಿನ ತೊಂದರೆ ಶುರುವಾಗುವ ಸಾಧ್ಯತೆ ಶೇ 76ರಷ್ಟು ತಗ್ಗುತ್ತದೆ ಎಂದು 1993ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು ತೋರಿಸಿದ್ದು ಇದೇ ಅಳತೆಗೋಲಿನಿಂದ. ಆದರೆ ಸರಾಸರಿಯ ಮಾತನ್ನು ಗದಗಿನ ಎರೆಹೊಲದ ರೈತರಲ್ಲಿ ಕೇಳಬೇಕು. ವಾಡಿಕೆಯಷ್ಟೇ ಮಳೆ ಬಿದ್ದಿದೆ ಎಂದು ದಾಖಲೆ ಹೇಳುತ್ತದೆ. ಬಿತ್ತನೆಗೆ ಬೇಕಾದಾಗ ಬಾರದೆ, ಎರಡೇ ದಿನದಲ್ಲಿ ಸುರಿದು ಹೆಸರಿನ ಬೆಳೆ ಕೊಳೆತದ್ದು ಆ ಅಂಕಿಯಲ್ಲಿ ಎಲ್ಲಿದೆ? ಒಬ್ಬ ಹುಡುಗ ದಿನವಿಡೀ 150ರ ಆಸುಪಾಸಿನಲ್ಲಿರುತ್ತಾನೆ. ಇನ್ನೊಬ್ಬ 50ಕ್ಕೂ 300ಕ್ಕೂ ನಡುವೆ ಜೋಕಾಲಿ ಆಡುತ್ತಾನೆ. ಇಬ್ಬರ ಸರಾಸರಿಯೂ ಒಂದೇ ಬರಬಹುದು. ಮೇಲಾಗಿ ಕಬ್ಬಿಣಾಂಶದ ಕೊರತೆಯ ರಕ್ತಹೀನತೆ ಇದ್ದರೆ ಈ ಪರೀಕ್ಷೆಯ ಫಲಿತಾಂಶ ಇರುವುದಕ್ಕಿಂತ ಹೆಚ್ಚಾಗಿ ಕಾಣಬಹುದು, ಮತ್ತು ಅದು ನಮ್ಮ ಹದಿಹರೆಯದ ಹೆಣ್ಣುಮಕ್ಕಳಲ್ಲಿ ಎಷ್ಟು ಸಾಮಾನ್ಯ ಎಂಬುದು ಶಾಲೆಯಲ್ಲಿರುವ ನನಗೆ ಗೊತ್ತು.

ಅದಕ್ಕಾಗಿ ಸೆನ್ಸರ್ ಬಳಸುವವರಿಗೆ ಬೇರೊಂದು ಅಳತೆ ಇದೆ. 70ರಿಂದ 180ರ ನಡುವೆ ದಿನದ ಎಷ್ಟು ಹೊತ್ತು ಕಳೆದೆವು ಎನ್ನುವುದು. 2019ರಲ್ಲಿ ಹಲವು ದೇಶಗಳ ತಜ್ಞರು ಒಪ್ಪಿದ ಗುರಿಯಂತೆ ಅದು ಶೇ 70ಕ್ಕಿಂತ ಹೆಚ್ಚಿರಬೇಕು, ಅಂದರೆ ದಿನಕ್ಕೆ ಸುಮಾರು ಹದಿನೇಳು ತಾಸು. 70ಕ್ಕಿಂತ ಕೆಳಗಿನ ಹೊತ್ತು ಶೇ 4ಕ್ಕಿಂತ ಕಡಿಮೆ, ಹತ್ತಿರ ಹತ್ತಿರ ಒಂದು ತಾಸು. 54ಕ್ಕಿಂತ ಕೆಳಗೆ ಶೇ 1ಕ್ಕಿಂತ ಕಡಿಮೆ, ಕಾಲು ಗಂಟೆ. ಗಮನಿಸಿ, ಗುರಿ ನೂರಕ್ಕೆ ನೂರಲ್ಲ. ದಿನಕ್ಕೆ ಆರೇಳು ತಾಸು ಗೆರೆ ದಾಟಿದರೂ ಮಗು ಚೆನ್ನಾಗಿಯೇ ನಡೆಸುತ್ತಿದೆ ಎಂದರ್ಥ. ಇದನ್ನು ಪ್ರತಿ ಮನೆಯ ಗೋಡೆಗೂ ಬರೆದು ಅಂಟಿಸಬೇಕೆಂದು ನನಗೆ ಅನಿಸುತ್ತದೆ.

ಏಕೆಂದರೆ ಸೆನ್ಸರ್ ಬಂದ ಮೇಲೆ ಅಕ್ಕನ ಮನೆಯಲ್ಲಿ ಜಗಳ ಹೆಚ್ಚಾಯಿತು. ಮಗಳ ಅಂಕಿ ತಾಯಿಯ ಮೊಬೈಲ್‌ಗೂ ಹೋಗುತ್ತದೆ. ಶಾಲೆಯ ಎರಡನೆಯ ಪಿರಿಯಡ್‌ನಲ್ಲಿ 210 ಕಂಡರೆ ಅಕ್ಕ ಕಚೇರಿಗೆ ಫೋನ್ ಮಾಡುವಳು, ಹುಡುಗಿಯನ್ನು ತರಗತಿಯಿಂದ ಕರೆಸುವಳು: "ಏನು ತಿಂದೆ? ಯಾರು ಕೊಟ್ಟರು?" ಒಂದು ವಾರ ದಿನಕ್ಕೆ ಮೂರು ಸಲ ಹೀಗಾಯಿತು. ಎರಡನೆಯ ವಾರ ಹುಡುಗಿ ಮಾಹಿತಿ ಹಂಚುವುದನ್ನೇ ಮೊಬೈಲ್‌ನಲ್ಲಿ ಬಂದ್ ಮಾಡಿದಳು. ನನ್ನ ಎದುರು ಅತ್ತಳು. "ಮಾಮಾ, ಅಮ್ಮ ನನ್ನ ಮುಖ ನೋಡುವುದಿಲ್ಲ, ಮೊಬೈಲ್ ನೋಡುತ್ತಾಳೆ" ಎಂದಳು.

ಅವಳು ಏನೂ ಕದ್ದು ತಿಂದಿರಲಿಲ್ಲ. ಹದಿಹರೆಯದಲ್ಲಿ ಬೆಳವಣಿಗೆಯ ಹಾರ್ಮೋನುಗಳು ಇನ್ಸುಲಿನ್‌ನ ಕೆಲಸಕ್ಕೆ ಅಡ್ಡ ಬರುತ್ತವೆ. ನಿನ್ನೆ ಸಾಕಾದ ಡೋಸ್ ಇಂದು ಸಾಲುವುದಿಲ್ಲ. ಮುಟ್ಟಿನ ಮುಂಚಿನ ದಿನಗಳಲ್ಲಿ, ಪರೀಕ್ಷೆಯ ಆತಂಕದಲ್ಲಿ, ಬೆಳಗಿನ ಜಾವದಲ್ಲಿ ಸಕ್ಕರೆ ತಾನಾಗಿಯೇ ಏರುತ್ತದೆ. ಅಂಕಿಯನ್ನು ಪರೀಕ್ಷೆಯ ಮಾರ್ಕ್ಸ್ ಹಾಗೆ ಓದಿದರೆ ಮಗು ತಾನೇ ತಪ್ಪಿತಸ್ಥೆ ಎಂದುಕೊಳ್ಳುತ್ತದೆ, ಆಮೇಲೆ ಮುಚ್ಚಿಡಲು ಕಲಿಯುತ್ತದೆ. ಇನ್ನೊಂದು ಅಪಾಯವೂ ಇದೆ. 240 ಕಂಡಿತೆಂದು ಇನ್ಸುಲಿನ್, ಅರ್ಧ ಗಂಟೆಗೆ ಇಳಿಯಲಿಲ್ಲವೆಂದು ಮತ್ತೊಂದು ಡೋಸ್. ವೇಗದ ಇನ್ಸುಲಿನ್ ಮೂರು ನಾಲ್ಕು ತಾಸು ಕೆಲಸ ಮಾಡುತ್ತಲೇ ಇರುತ್ತದೆ. ಒಂದರ ಮೇಲೊಂದು ಸೇರಿ, ಕಡೆಗೆ ಒಮ್ಮೆಗೇ ಸಕ್ಕರೆಯನ್ನು ಕೆಡವುತ್ತವೆ. ಪರದೆಯನ್ನು ಐದೈದು ನಿಮಿಷಕ್ಕೆ ನೋಡುವವರೇ ಈ ತಪ್ಪು ಹೆಚ್ಚು ಮಾಡುವುದು.

ಕಡೆಗೆ ತಾಯಿ ಮಗಳು ಕೂತು ಒಂದು ಕರಾರು ಮಾಡಿಕೊಂಡರು, ನಾನು ಸಾಕ್ಷಿ. 70ಕ್ಕಿಂತ ಕೆಳಗೆ ಬಂದು ಕಾಲು ಗಂಟೆಯಲ್ಲಿ ಮಗಳಿಂದ ಸುದ್ದಿ ಬರದಿದ್ದರೆ ಮಾತ್ರ, ಇಲ್ಲವೇ 250ರ ಮೇಲೆ ಎರಡು ತಾಸು ನಿಂತರೆ ಮಾತ್ರ ಅಕ್ಕ ಶಾಲೆಗೆ ಫೋನ್ ಮಾಡಬೇಕು. ಉಳಿದದ್ದನ್ನು ಭಾನುವಾರ ಬೆಳಿಗ್ಗೆ ಇಬ್ಬರೂ ಕೂಡಿ ವಾರದ ಗೆರೆಗಳನ್ನು ನೋಡುತ್ತ ಮಾತನಾಡಬೇಕು. ಮಗಳು ಹಂಚಿಕೆಯನ್ನು ಮತ್ತೆ ಶುರು ಮಾಡಿದಳು.

ಶಿಕ್ಷಕರಿಗೆ ನನ್ನದೊಂದು ಕೋರಿಕೆ. ತರಗತಿಯಲ್ಲಿ ಇಂಥ ಮಗು ಇದ್ದರೆ ಮೊಬೈಲ್ ಅಥವಾ ಸೆನ್ಸರಿನ ರೀಡರ್ ಇಟ್ಟುಕೊಳ್ಳಲು ಬಿಡಿ, ಅದು ಆಟಿಕೆಯಲ್ಲ. ಪಾಠದ ನಡುವೆ ಗ್ಲುಕೋಸ್ ತಿನ್ನಲು, ನೀರು ಕುಡಿಯಲು, ಶೌಚಾಲಯಕ್ಕೆ ಹೋಗಲು ಮಗು ಅನುಮತಿ ಕೇಳುವಂತೆ ಮಾಡಬೇಡಿ. ಪ್ರಶ್ನೆ ಕೇಳಿದಾಗ ಮಂಕಾಗಿ ನಿಂತ ಹುಡುಗ ಓದಿಲ್ಲದವನೇ ಆಗಿರಬೇಕಿಲ್ಲ, ಸಕ್ಕರೆ ಇಳಿದವನಾಗಿರಬಹುದು. ಲೋ ಆದ ಮಗುವನ್ನು ಒಬ್ಬನನ್ನೇ ಸಿಬ್ಬಂದಿ ಕೊಠಡಿಗೆ ಕಳಿಸಬೇಡಿ. ಮಧುಮೇಹವಿರುವ ಮಕ್ಕಳು ಪರೀಕ್ಷಾ ಕೊಠಡಿಗೆ ಸಕ್ಕರೆ ಮಾತ್ರೆ, ಹಣ್ಣು, ತಿಂಡಿ, ನೀರು ಒಯ್ಯಬಹುದೆಂದು ಸಿಬಿಎಸ್‌ಇ 2017ರಲ್ಲೇ ಹೇಳಿದೆ. ನಿಮ್ಮ ಮಂಡಳಿ ಯಾವುದೇ ಇರಲಿ, ಪರೀಕ್ಷೆಗೆ ತಿಂಗಳ ಮೊದಲೇ ವೈದ್ಯರ ಪತ್ರದೊಂದಿಗೆ ಮುಖ್ಯೋಪಾಧ್ಯಾಯರೊಡನೆ ಮಾತನಾಡಿಟ್ಟುಕೊಳ್ಳಿ. ನನ್ನ ಮೇಜಿನ ಡ್ರಾಯರ್‌ನಲ್ಲಿ ಗ್ಲುಕೋಸ್ ಪುಡಿಯ ಡಬ್ಬಿ ಸದಾ ಇರುತ್ತದೆ, ಡ್ರಾಯರ್‌ಗೆ ಬೀಗ ಹಾಕುವುದಿಲ್ಲ.

ಸೆನ್ಸರ್ ಹೇಳದ ಮುಖ್ಯ ಸಂಗತಿ ಕೀಟೋನ್. ಇನ್ಸುಲಿನ್ ಸಾಲದಾದಾಗ ದೇಹ ಕೊಬ್ಬನ್ನು ಸುಟ್ಟು, ರಕ್ತವನ್ನು ಆಮ್ಲೀಯ ಮಾಡುವ ಈ ಪದಾರ್ಥವನ್ನು ಹುಟ್ಟಿಸುತ್ತದೆ. ಸಕ್ಕರೆ 250 ದಾಟಿ ಇಳಿಯದೆ ನಿಂತು, ಜೊತೆಗೆ ವಾಂತಿ, ಹೊಟ್ಟೆನೋವು, ಏದುಸಿರು ಇದ್ದರೆ ಪರದೆ ನೋಡುತ್ತ ಕೂರುವ ಹೊತ್ತಲ್ಲ ಅದು. ಮೂತ್ರದ ಅಥವಾ ರಕ್ತದ ಕೀಟೋನ್ ಪರೀಕ್ಷೆ ಮಾಡಿ, ವೈದ್ಯರನ್ನು ಕಾಣಬೇಕು. ಕೆಲವು ಔಷಧಗಳು ಸೆನ್ಸರಿನ ಲೆಕ್ಕವನ್ನು ಕೆಡಿಸುತ್ತವೆ: ಕೆಲವು ಮಾದರಿಗಳಲ್ಲಿ ಹೆಚ್ಚಿನ ಪ್ರಮಾಣದ ವಿಟಮಿನ್ ಸಿ, ಇನ್ನು ಕೆಲವುಗಳಲ್ಲಿ ಪ್ಯಾರಾಸಿಟಮಾಲ್. ಪೆಟ್ಟಿಗೆಯಲ್ಲಿರುವ ಚೀಟಿ ಓದಬೇಕು. ಬೇಸಿಗೆಯ ಬೆವರಿಗೆ ಅಂಟು ಬಿಡುತ್ತದೆ. ದೀಪಾವಳಿಯ ಎಣ್ಣೆಸ್ನಾನದಲ್ಲಿ ನಮ್ಮಮ್ಮ ಪ್ರೀತಿಯಿಂದ ಮೊಮ್ಮಗಳ ತೋಳಿಗೂ ಎಣ್ಣೆ ತಿಕ್ಕಿ, ನಾಲ್ಕು ದಿನದ ಹಿಂದೆ ಹಾಕಿದ ಸೆನ್ಸರ್ ಕಿತ್ತು ಬಂತು. ಈಗ ಎಣ್ಣೆ ಆ ತೋಳನ್ನು ಬಿಟ್ಟು ಹಚ್ಚುತ್ತಾರೆ.

ಆ ಒಂದು ಬಿಲ್ಲೆಯ ಬೆಲೆ ಸುಮಾರು ಐದು ಸಾವಿರ ರೂಪಾಯಿ. ಬಾಳುವುದು ಎರಡು ವಾರ. ಇನ್ಸುಲಿನ್, ಸೂಜಿ ಎಲ್ಲ ಬಿಟ್ಟು ತಿಂಗಳಿಗೆ ಹತ್ತು ಸಾವಿರ. ಕೂಲಿಗೆ ಹೋಗುವ, ಮಳೆ ನಂಬಿದ ಮನೆ ಇದನ್ನು ಎಲ್ಲಿಂದ ತಂದೀತು? ಭಾರತದಲ್ಲಿ ಟೈಪ್ 1 ಇರುವ ಮಕ್ಕಳ ಸಂಖ್ಯೆ ಎರಡು ಲಕ್ಷಕ್ಕೂ ಹೆಚ್ಚು ಎಂಬ ಅಂದಾಜಿದೆ. ಅವರಲ್ಲಿ ಬಹುಪಾಲು ಮನೆಗಳಿಗೆ ಇದು ಕೈಗೆಟುಕದ ವಸ್ತು. ಸರ್ಕಾರ ಇನ್ಸುಲಿನ್‌ನಂತೆ ಇದನ್ನೂ ಮಕ್ಕಳ ಹಕ್ಕೆಂದು ನೋಡಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ. ಅಲ್ಲಿಯವರೆಗೆ ನಡುದಾರಿಗಳಿವೆ. ಮೂರು ತಿಂಗಳಿಗೊಮ್ಮೆ, ವೈದ್ಯರ ಭೇಟಿಗೆ ಮುಂಚಿನ ಎರಡು ವಾರ ಮಾತ್ರ ಹಾಕಿಸಿ, ಆ ಗೆರೆಗಳನ್ನು ನೋಡಿ ಡೋಸ್ ಸರಿಪಡಿಸಿಕೊಳ್ಳಬಹುದು. ಅದೂ ಆಗದಿದ್ದರೆ ಸ್ಟ್ರಿಪ್‌ಗಳನ್ನೇ ಜಾಣತನದಿಂದ ಬಳಸಬಹುದು. ದಿನವೂ ಒಂದೇ ಹೊತ್ತಿಗೆ ನೋಡುವ ಬದಲು, ಮೂರು ಊಟದ ಮೊದಲು, ಊಟದ ಎರಡು ತಾಸಿನ ನಂತರ, ಮಲಗುವಾಗ, ಒಮ್ಮೊಮ್ಮೆ ರಾತ್ರಿ ಮೂರಕ್ಕೆ ನೋಡಿ, ಎರಡು ಮೂರು ದಿನದ ಅಂಕಿಗಳನ್ನು ಒಂದೇ ಹಾಳೆಯಲ್ಲಿ ಬರೆದರೆ ಗೆರೆಯ ಆಕಾರ ಅಲ್ಲೂ ಮೂಡುತ್ತದೆ. ನಮ್ಮ ಹುಡುಗಿ ಮೂರು ವರ್ಷ ಹಾಗೆಯೇ ನಡೆದಳು. ಇನ್ನೂರು ಪುಟದ ಆ ನೋಟ್‌ಬುಕ್‌ಗಳನ್ನು ಅಕ್ಕ ಇನ್ನೂ ತೆಗೆದಿಟ್ಟಿದ್ದಾಳೆ. ಸೆನ್ಸರ್ ಇಲ್ಲದ ತಾಯಂದಿರು ತಾವು ಮಗುವಿಗೆ ಅನ್ಯಾಯ ಮಾಡುತ್ತಿದ್ದೇವೆ ಎಂದುಕೊಳ್ಳಬಾರದು.

ತೋಳಿನ ಬಿಲ್ಲೆಯನ್ನು ಜನ ನೋಡುತ್ತಾರೆ, ಕೇಳುತ್ತಾರೆ. ಹೆಣ್ಣುಮಗಳು, ನಾಳೆ ಮದುವೆಯ ಮಾತು ಬರುತ್ತದೆ ಎಂದು ಮೊದಲ ವರ್ಷ ಅಕ್ಕ ಅವಳಿಗೆ ತುಂಬುತೋಳಿನ ಅಂಗಿಯನ್ನೇ ಹಾಕಿಸುತ್ತಿದ್ದಳು. ಅದನ್ನು ಬಿಡಿಸಿದವಳು ಹುಡುಗಿಯೇ. ಮದುವೆಮನೆಯೊಂದರಲ್ಲಿ ಅಜ್ಜಿಯೊಬ್ಬರು "ಇದೇನವ್ವ ತೋಳಿಗೆ?" ಎಂದಾಗ ಬಿಲ್ಲೆ ತೋರಿಸಿ, ಮೊಬೈಲ್ ತೆಗೆದು, ಎಳೆ, ಕಿಣ್ವ, ಬಾಣ ಎಲ್ಲವನ್ನೂ ವಿವರಿಸಿದಳು. ಕೊನೆಗೆ ಆ ಅಜ್ಜಿ ತಮಗೂ ಶುಗರ್ ಇದೆ ಎಂದು ಹೇಳಿ, ತಮ್ಮ ಬೆರಳುಗಳನ್ನು ಮುಂದೆ ಚಾಚಿದರು.

ಈ ಸಲದ ಪಂಚಮಿಗೆ ನಾನು ಮತ್ತೆ ಅಲ್ಲಿದ್ದೆ. ಹಬ್ಬದ ದಿನವೇ ಹಳೆಯ ಸೆನ್ಸರಿನ ಅವಧಿ ಮುಗಿಯುವುದರಲ್ಲಿತ್ತು. ಹಾಕಿದ ಮೊದಲ ದಿನ ಅಳತೆ ಸ್ವಲ್ಪ ಅತ್ತಿತ್ತ ಇರುತ್ತದೆಂದು ಅವಳಿಗೆ ಗೊತ್ತು. ಉಂಡಿ ತಿನ್ನುವ ದಿನ ಅದು ಬೇಡವೆಂದು ಹಿಂದಿನ ಸಂಜೆಯೇ ಹೊಸದನ್ನು ಹಾಕಿಕೊಳ್ಳಲು ಕುಳಿತಳು. ಸ್ಪಿರಿಟ್‌ನಿಂದ ತೋಳು ಒರೆಸಿ ಒಣಗಲು ಬಿಟ್ಟಳು. ಜೋಕಾಲಿಯ ಹಗ್ಗ ಬಲತೋಳಿಗೆ ಉಜ್ಜುತ್ತದೆ ಎಂದು ಎಡತೋಳನ್ನು ಆರಿಸಿಕೊಂಡಳು. ಟಕ್ ಎಂಬ ಸದ್ದು. ಒಂದು ತಾಸು ಕಾದ ಮೇಲೆ ಮೊಬೈಲ್ ಬೆಳಗಿತು: 118, ಬಾಣ ಅಡ್ಡ. ಅಡುಗೆಮನೆಯಲ್ಲಿ ಅಕ್ಕ ಶೇಂಗಾ ಉಂಡಿ ಕಟ್ಟುತ್ತಿದ್ದಳು. ಒಂದೊಂದನ್ನೂ ಒಂದೇ ತೂಕಕ್ಕೆ ಕಟ್ಟಲೆಂದು ಪಕ್ಕದಲ್ಲಿ ಚಿಕ್ಕ ತಕ್ಕಡಿ ಇತ್ತು.